ಸಕ್ಕರೆಯ ಲೆಕ್ಕ, ಕಲ್ಲಿನ ಲೆಕ್ಕ

ವೇಲ್ಸ್‌ನ ಬ್ಯಾಂಗರ್ ಊರಿನ ಹತ್ತಿರ ಪೆನ್ರಿನ್ ಕ್ಯಾಸಲ್ ಇದೆ. ಹೆಸರಿಗಷ್ಟೇ ಕೋಟೆ, 19ನೇ ಶತಮಾನದಲ್ಲಿ ಧಣಿಗಳು ಕಟ್ಟಿಸಿಕೊಂಡ ಬಂಗಲೆ. ಟಿಕೆಟ್ ಕೊಂಡು ಸುತ್ತಿ, ಕೊನೆಗೆ ಕೂತು ಚಹಾ ಕುಡಿಯಬಹುದು. ವಿಕ್ಟೋರಿಯಾ ರಾಣಿಗೆಂದು ಮಾಡಿಸಿದ ಒಂದು ಟನ್ ತೂಕದ ಸ್ಲೇಟ್ ಕಲ್ಲಿನ ಮಂಚ ನೋಡಿ ಜನ ಬಾಯಿ ಬಿಡ್ತಾರೆ. ನಾವು ಕೇಳೋದು ಬೇರೆ: ಆ ಕಲ್ಲು ಒಡೆದವರು ಯಾರು?

ಪೆನ್ನಂಟ್ ಮನೆತನದ ದುಡ್ಡು ಬಂದದ್ದು ಜಮೈಕಾದ ಕಬ್ಬಿನ ತೋಟಗಳಿಂದ, ಗುಲಾಮರ ಬೆನ್ನಿನಿಂದ. 1833ರ ಕಾಯ್ದೆ ಗುಲಾಮಗಿರಿಯನ್ನು ರದ್ದು ಮಾಡಿದಾಗ, 764 ಜನರನ್ನು ಕಳಕೊಂಡದ್ದಕ್ಕೆಂದು ಧಣಿಗೆ 14,683 ಪೌಂಡ್ ಪರಿಹಾರ ಸಿಕ್ಕಿತು. ದುಡಿದವರಿಗೆ ಚಿಕ್ಕಾಸೂ ಇಲ್ಲ.

ಸಕ್ಕರೆಯ ದುಡ್ಡು ಬೆಥೆಸ್ಡಾದ ಸ್ಲೇಟ್ ಗಣಿಗೆ ಹರಿಯಿತು. 1900ರಿಂದ 1903ರವರೆಗೆ ಗಣಿ ಕಾರ್ಮಿಕರು ಸಂಘದ ಹಕ್ಕಿಗಾಗಿ ಹೋರಾಡಿದರು. ‘ಈ ಮನೆಯಲ್ಲಿ ದ್ರೋಹಿ ಇಲ್ಲ’ ಎಂದು ಕಿಟಕಿಗಳಲ್ಲಿ ಚೀಟಿ ಅಂಟಿಸಿದರು. ಹಸಿವು ಅವರನ್ನು ಸೋಲಿಸಿತು. ಆ ಊರಿನ ಕೆಲವರು ಇಂದಿಗೂ ಬಂಗಲೆಯ ಬಾಗಿಲು ದಾಟುವುದಿಲ್ಲ.

ಬಂಗಲೆ ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ 2020ರ ವರದಿಯಲ್ಲಿ ಈ ಗುಲಾಮಗಿರಿಯ ನಂಟನ್ನು ದಾಖಲಿಸಿತು. ಅದು ತಡವಾಗಿ ಬಂದ ಮಾತು, ಆದರೂ ಬೇಕಾದ ಮಾತು.

ಗೆಳೆಯರೇ, ಬಂಗಲೆ ಕೆಡವಿ ಅಂತ ನಾವು ಹೇಳ್ತಿಲ್ಲ. ಕಟ್ಟಿಸಿದವನ ಹೆಸರು ಓದಿ ಸುಮ್ಮನಾಗಬೇಡಿ, ಅಷ್ಟೇ. ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುವ ಮುಂಚೆ ಕಬ್ಬು ಕಡಿದವರ, ಕಲ್ಲು ಒಡೆದವರ ಲೆಕ್ಕ ಕೇಳಿ.