ಒಳಾಂಗಣ ಬೇಸಾಯ: ಹೊಸ ಉತ್ಪನ್ನದ ಆಯ್ಕೆ

ಮುಚ್ಚಿದ ಕೋಣೆಯಲ್ಲಿ ಶಾಖ, ತೇವ, ಬೆಳಕುಗಳನ್ನು ಹತೋಟಿಯಲ್ಲಿಟ್ಟು ಬೆಳೆಯುವವರು ಯಾವ ಉತ್ಪನ್ನಕ್ಕೆ ಬಂಡವಾಳ ಹಾಕಬೇಕೆಂದು ತೀರ್ಮಾನಿಸುವ ಕ್ರಮಗಳು ಇಲ್ಲಿವೆ. ಕರ್ನಾಟಕದಲ್ಲಿ ಇಂಥ ಬೇಸಾಯಕ್ಕೆ ಒಳ್ಳೆಯ ಉದಾಹರಣೆ ಅಣಬೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅಣಬೆ ಬೀಜವನ್ನೂ ತರಬೇತಿಯನ್ನೂ ಒದಗಿಸುತ್ತದೆ.

ಮೊದಲ ಜರಡಿ ಹವೆಯದು. ಬಟನ್ ಅಣಬೆ ಮೊಳೆಯಲು 14–18 ಡಿಗ್ರಿ ಸೆಲ್ಸಿಯಸ್ ಬೇಕು, ಚಿಪ್ಪು ಅಣಬೆಗೆ 20–30, ಹಾಲು ಅಣಬೆಗೆ 30–35. ಕೇರಳದ ಗಡಿಗೆ ತಾಗಿದ ಕೊಡಗಿನ ಕರಿಕೆಯಂಥ ಊರಿನಲ್ಲಿ ಮಳೆಗಾಲದ ತೇವ ಖರ್ಚಿಲ್ಲದೆ ಸಿಗುವುದರಿಂದ ಚಿಪ್ಪು ಅಣಬೆಯೇ ಸಹಜ ಆಯ್ಕೆ. ಆದರೆ ಒಣಗಿಸಲು ಹೊರಟಾಗ ಅದೇ ತೇವ ಅಡ್ಡ ಬರುತ್ತದೆ. ಹತ್ತು ಕಿಲೋ ತಾಜಾ ಅಣಬೆ ಒಣಗಿದರೆ ಉಳಿಯುವುದು ಸುಮಾರು ಒಂದು ಕಿಲೋ. ಬಿಸಿಲಿಲ್ಲದ ತಿಂಗಳುಗಳಲ್ಲಿ ಡ್ರೈಯರ್‌ನ ಖರ್ಚನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ಎರಡನೆಯ ಜರಡಿ ಉತ್ಪನ್ನಗಳ ಹೋಲಿಕೆಯದು. ಇದಕ್ಕೆಂದು ಸ್ಟುವರ್ಟ್ ಪಗ್ ರೂಪಿಸಿದ ಕೋಷ್ಟಕದಲ್ಲಿ ತಾಜಾ ಅಣಬೆಯನ್ನು ಆಧಾರವಾಗಿಟ್ಟು ಒಣ ಅಣಬೆ, ಪುಡಿ, ಉಪ್ಪಿನಕಾಯಿಗಳಿಗೆ ಪ್ರತಿ ಗುಣದಲ್ಲೂ ಮೇಲು, ಕೀಳು, ಸಮ ಎಂದು ಗುರುತು ಹಾಕುತ್ತಾರೆ. ಥಾಮಸ್ ಸಾಟಿ 1970ರ ದಶಕದಲ್ಲಿ ರೂಪಿಸಿದ ವಿಧಾನ ಗುಣಗಳನ್ನೇ ಎರಡೆರಡಾಗಿ ಎದುರಿಟ್ಟು 1ರಿಂದ 9ರ ಅಳತೆಯಲ್ಲಿ ತೂಗುತ್ತದೆ. ಸಣ್ಣ ಬೆಳೆಗಾರರಿಗೆ ಪಗ್ ಕೋಷ್ಟಕವೇ ಸಾಕು. ಚಿಪ್ಪು ಅಣಬೆಯ ಬೀಜಕಣಗಳಿಂದ ಕೊಯ್ಯುವವರಿಗೆ ಬರುವ ಕೆಮ್ಮು, ಅಲರ್ಜಿಗೂ ಅದರಲ್ಲಿ ಒಂದು ಸಾಲು ಇರಬೇಕು.