ಸೆಷನ್ ನಿರ್ವಹಣೆ
ಗುಪ್ತಪದ, ಒಟಿಪಿ ಅಥವಾ ಕ್ಯೂಆರ್ ಸಂಕೇತದ ಮೂಲಕ ಬಳಕೆದಾರರು ಖಾತೆಯನ್ನು ತೆರೆದಾಗಿನಿಂದ ಲಾಗ್ ಔಟ್ ಆಗುವವರೆಗೆ ಸರ್ವರ್ ಆ ಸಾಧನವನ್ನು ಮಾನ್ಯ ಮಾಡುವ ಅವಧಿಯೇ ಸೆಷನ್. ಬ್ರೌಸರ್ ಮುಚ್ಚಿದ ಮಾತ್ರಕ್ಕೆ ಅದು ಸಾಮಾನ್ಯವಾಗಿ ಮುಗಿಯುವುದಿಲ್ಲವಾದ್ದರಿಂದ, ಮಂಡ್ಯ ಜಿಲ್ಲಾ ಕೇಂದ್ರದಲ್ಲಾಗಲಿ, ಮದ್ದೂರು, ಮಳವಳ್ಳಿಗಳಂಥ ತಾಲ್ಲೂಕು ಕೇಂದ್ರಗಳಲ್ಲಾಗಲಿ, ಹಲವರು ಒಂದೇ ಕಂಪ್ಯೂಟರ್ ಹಂಚಿಕೊಳ್ಳುವ ಕಚೇರಿಯಲ್ಲಿ ಒಬ್ಬರು ತೆರೆದಿಟ್ಟ ವಾಟ್ಸ್‌ಆ್ಯಪ್ ವೆಬ್‌ನ ಸಂದೇಶಗಳು, ಕಡತಗಳು ಮುಂದೆ ಬಂದು ಕೂರುವವರ ಕೈಸೇರಬಹುದು. ವಾಟ್ಸ್‌ಆ್ಯಪ್ ಖಾತೆಗೆ ಫೋನಿನ ಜೊತೆ 4 ಸಾಧನಗಳನ್ನು ಜೋಡಿಸಬಹುದಾಗಿದ್ದು, ಮುಖ್ಯ ಫೋನನ್ನು 14 ದಿನಕ್ಕೂ ಹೆಚ್ಚು ಕಾಲ ಬಳಸದಿದ್ದರೆ ಅವುಗಳ ಸಂಪರ್ಕ ತಾನಾಗಿ ಕಡಿಯುತ್ತದೆ. ಅದಕ್ಕಾಗಿ ಕಾಯದೆ, ಫೋನಿನ ‘ಲಿಂಕ್ಡ್ ಡಿವೈಸಸ್’ ಪಟ್ಟಿಯನ್ನು ಆಗಾಗ ಪರಿಶೀಲಿಸಿ ಬೇಡವಾದ ಸಾಧನಗಳನ್ನು ಲಾಗ್ ಔಟ್ ಮಾಡುವುದು ಅವಶ್ಯ. ಪರರ ಗುಪ್ತಪದವನ್ನು ವಂಚನೆಯಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 66ಸಿ ಕಲಮಿನಡಿ 3 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ.