ಬೇಕರಿಯ ಗಾಜಿನ ಫ್ರಿಡ್ಜ್ ರಾತ್ರಿ ಆಫ್ ಮಾಡಬಹುದೇ?

"ರಾತ್ರಿ ಯಾರೂ ಬಾಗಿಲು ತೆಗೆಯಲ್ಲ. ಫ್ರಿಡ್ಜ್ ಆಫ್ ಮಾಡಿದರೂ ತಿಂಡಿ ಕೆಡಲ್ಲ, ಕರೆಂಟ್ ಬಿಲ್ ಉಳಿಯುತ್ತೆ." ಈ ಮಾತು ನೀವೂ ಕೇಳಿರಬಹುದು. ಇದು ನಿಜವೇ? ಅಲ್ಲ.

ಬೇಗ ಕೆಡುವ ತಣ್ಣನೆಯ ಆಹಾರ 5 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಉಷ್ಣಾಂಶದಲ್ಲಿರಬೇಕು ಎನ್ನುತ್ತದೆ ಎಫ್‌ಎಸ್‌ಎಸ್‌ಎಐ ನಿಯಮ. ಫ್ರಿಡ್ಜ್ ಆಫ್ ಆದರೆ ಕೆಲವೇ ಗಂಟೆಗಳಲ್ಲಿ ಒಳಗಿನ ಉಷ್ಣಾಂಶ ಏರುತ್ತದೆ. ಆಗ ಕ್ರೀಮ್ ಕೇಕ್, ರಸಮಲಾಯಿಯಂಥ ತಿಂಡಿಗಳಲ್ಲಿ ಬ್ಯಾಕ್ಟೀರಿಯಾ ವೇಗವಾಗಿ ಹೆಚ್ಚುತ್ತವೆ. ಬೆಳಿಗ್ಗೆ ಆನ್ ಮಾಡಿದರೆ ತಿಂಡಿ ಮತ್ತೆ ತಣ್ಣಗಾಗುತ್ತದೆ, ಆದರೆ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಬಿಡುವ ವಿಷವಂತೂ ಕುದಿಸಿದರೂ ಹೋಗುವುದಿಲ್ಲ. ರುಚಿ, ವಾಸನೆಯಲ್ಲಿ ಗೊತ್ತಾಗದೆಯೂ ಇರಬಹುದು.

ಹಾಗಾದರೆ ಬಿಲ್ ಉಳಿಸುವುದು ಹೇಗೆ?

• ಫ್ರಿಡ್ಜನ್ನು ಬಿಸಿಲು, ಒಲೆಯಿಂದ ದೂರವಿಡಿ. ಬಿಸಿಗಾಳಿ ಹೊರಹೋಗಲು ಜಾಗ ಬಿಡಿ.
• ಕಂಡೆನ್ಸರ್ ಮೇಲಿನ ಧೂಳನ್ನು ಆಗಾಗ ತೆಗೆಸಿ.
• ಒಳಗೆ ತಂಪು ಗಾಳಿ ಬರುವ ಕಿಂಡಿಗಳಿಗೆ ಟ್ರೇ ಅಡ್ಡ ಇಡಬೇಡಿ.
• ಬಾಗಿಲಿನ ರಬ್ಬರ್ ಹರಿದಿದ್ದರೆ ಬದಲಿಸಿ.
• ರಾತ್ರಿ ಒಳಗಿನ ಲೈಟ್ ಮಾತ್ರ ಆರಿಸಿ.

ಗ್ರಾಹಕರಿಗೆ ನಮ್ಮ ಸಲಹೆ: ಗಾಜಿನೊಳಗೆ ಲೈಟ್ ಉರಿಯುತ್ತಿದ್ದರೆ ತಂಪಿದೆ ಎಂದರ್ಥವಲ್ಲ. ಥರ್ಮಾಮೀಟರ್ ನೋಡಿ, ಕಾಣದಿದ್ದರೆ ಕೇಳಿ. ನಿಮ್ಮ ಊರಿನ ಬೇಕರಿಯವರಿಗೂ ಇದನ್ನು ಕಳುಹಿಸಿ.